ಮಗ್ಗ ಬದಲಿಸಿದ ಪೈಥಾನ್

ಕೈಮಗ್ಗದ ಸೀರೆಯನ್ನು ವಿದ್ಯುತ್ ಮಗ್ಗದಲ್ಲಿ ನೇಯಬೇಕಾದರೆ ವಿನ್ಯಾಸ ಅದೇ ಇದ್ದರೂ ಕೆಲಸವನ್ನು ಮೊದಲಿನಿಂದ ಹೂಡಬೇಕೆಂಬುದು ಕೊಳ್ಳೇಗಾಲದ ಕಡೆಯ ರೇಷ್ಮೆ ನೇಕಾರರಿಗೆ ಗೊತ್ತು. ಗಣಕಭಾಷೆಗಳ ಪಾಡೂ ಇದೇ.

ಗೀಡೋ ವಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್ ಭಾಷೆಯನ್ನು ನಡೆಸುವ ತಂತ್ರಾಂಶ ‘ಸಿ’ ಭಾಷೆಯಲ್ಲಿತ್ತು. ಪೈಥಾನ್‌ನಲ್ಲಿ ಒಂದು ಹೆಸರು ಈಗ ಸಂಖ್ಯೆಯನ್ನೂ ಮರುಗಳಿಗೆ ಪದವನ್ನೂ ಸೂಚಿಸಬಹುದು. ಯಾವುದೆಂಬುದು ಓಡುವಾಗಲೇ ತೀರ್ಮಾನ. ಜಾವಾ ವೇದಿಕೆಯಾದರೋ ಇಂಥದ್ದನ್ನೆಲ್ಲ ಮೊದಲೇ ಕೇಳುವ ಜಾಯಮಾನದ್ದು. ಆದರೂ 1997ರಲ್ಲಿ ಜಿಮ್ ಹ್ಯೂಗುನಿನ್ ಪೈಥಾನನ್ನು ಅದರ ಮೇಲೆ ಓಡಿಸಿದರು.

ಸ್ವಾರಸ್ಯವಿರುವುದು ಮುಂದಿನ ಕಥೆಯಲ್ಲಿ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆ ಇಂಥ ಭಾಷೆಗಳಿಗೆ ಒಗ್ಗದೆಂಬ ಮಾತು ಹಬ್ಬಿತ್ತು. ಏಕೆ ಒಗ್ಗದೆಂದು ಪ್ರಬಂಧ ಬರೆಯಲು ಹೊರಟ ಹ್ಯೂಗುನಿನ್, ಪುರಾವೆಗಾಗಿ ಮಾದರಿಯೊಂದನ್ನು ಕಟ್ಟಿದರು. ಅದು ವೇಗದ ಪರೀಕ್ಷೆಯೊಂದರಲ್ಲಿ ಮೂಲ ಪೈಥಾನನ್ನೇ 1.7 ಪಟ್ಟು ಮೀರಿಸಿತು! ಪ್ರಬಂಧದ ವಾದ ತಲೆಕೆಳಗಾಯಿತು. 2006ರಲ್ಲಿ ‘ಐರನ್‌ಪೈಥಾನ್’ನ ಮೊದಲ ಪೂರ್ಣ ಆವೃತ್ತಿ ಹೊರಬಂತು.

ಆದರೆ ‘ಸಿ’ಯಲ್ಲಿ ಬರೆದಿದ್ದ ಸಹಾಯಕ ಕ್ರಮವಿಧಿಗಳು ಹೊಸ ನೆಲದಲ್ಲಿ ನೇರವಾಗಿ ನಡೆಯಲಿಲ್ಲ. ವಿಜ್ಞಾನಿಗಳು ನೆಚ್ಚಿದ್ದ ‘ನಮ್‌ಪೈ’ ಗಣಿತ ಸಂಗ್ರಹವೂ ಅವುಗಳಲ್ಲೊಂದು. ಅದಕ್ಕೆ ಮೂಲವಾದ ‘ನ್ಯೂಮರಿಕ್’ ಇದೇ ಹ್ಯೂಗುನಿನ್ ಅವರ ಕೂಸು! ಇತ್ತ ಮೂಲ ಪೈಥಾನ್ ಕೂಡ ಕಾಯುತ್ತ ಕೂರಲಿಲ್ಲ. 2014ರಲ್ಲಿ ಬಂದ ಪೈಥಾನ್ 3.4ಕ್ಕೆ ಹೊಂದುವ ಐರನ್‌ಪೈಥಾನ್ ಸಿದ್ಧವಾದದ್ದು 2022ರ ಡಿಸೆಂಬರಿನಲ್ಲಿ.