ಮೆಮ್‌ಟೆಸ್ಟ್86

ಮೆಮ್‌ಟೆಸ್ಟ್86 ಎಂಬುದು ಗಣಕಯಂತ್ರದ ತಾತ್ಕಾಲಿಕ ಸ್ಮರಣೆಯಾದ ರ‍್ಯಾಮ್‌ನಲ್ಲಿರುವ ದೋಷಗಳನ್ನು ಪತ್ತೆಹಚ್ಚುವ ತಂತ್ರಾಂಶ. ಇದನ್ನು ಕ್ರಿಸ್ ಬ್ರೇಡಿ 1994ರಲ್ಲಿ ರಚಿಸಿದರು. ಹೊಸ ಗಣಕಯಂತ್ರದಲ್ಲಿ ಕಾರ್ಯಾಚರಣಾ ವ್ಯವಸ್ಥೆಯನ್ನು ಅನುಸ್ಥಾಪಿಸುವಾಗ ಕಡತಗಳು ರ‍್ಯಾಮ್‌ನ ಮೂಲಕವೇ ಡಿಸ್ಕನ್ನು ಸೇರುತ್ತವೆ. ರ‍್ಯಾಮ್ ದೋಷಯುಕ್ತವಾಗಿದ್ದರೆ ಕಡತಗಳು ಕೆಟ್ಟು, ಅನುಸ್ಥಾಪನೆಯು ಪ್ರತಿ ಬಾರಿಯೂ ಬೇರೆ ಬೇರೆ ಹಂತದಲ್ಲಿ ನಿಂತುಹೋಗಬಹುದು. ಆಗ ದೋಷವು ಡಿಸ್ಕಿನದು ಅಥವಾ ಅನುಸ್ಥಾಪನಾ ಕಡತದ್ದು ಎಂದು ತಪ್ಪಾಗಿ ಭಾವಿಸುವ ಸಾಧ್ಯತೆಯಿದೆ.

ಕಾರ್ಯವಿಧಾನ

ಈ ತಂತ್ರಾಂಶವು ಕಾರ್ಯಾಚರಣಾ ವ್ಯವಸ್ಥೆಯ ನೆರವಿಲ್ಲದೆ ಪೆನ್ ಡ್ರೈವ್‌ನಿಂದ ನೇರವಾಗಿ ಚಾಲನೆಗೊಳ್ಳುತ್ತದೆ. ರ‍್ಯಾಮ್‌ನಲ್ಲಿ ನಿರ್ದಿಷ್ಟ ದತ್ತಾಂಶವನ್ನು ಬರೆದು, ಮರಳಿ ಓದಿ, ಎರಡನ್ನೂ ಹೋಲಿಸುತ್ತದೆ. ವ್ಯತ್ಯಾಸ ಕಂಡುಬಂದರೆ ರ‍್ಯಾಮ್ ಮಾಡ್ಯೂಲ್‌ಗಳನ್ನು ಒಂದೊಂದಾಗಿ ಒಂದೇ ಸ್ಲಾಟ್‌ನಲ್ಲಿಟ್ಟು ಪರೀಕ್ಷಿಸಬೇಕು. ಒಂದು ಮಾಡ್ಯೂಲ್ ಮಾತ್ರ ವಿಫಲವಾದರೆ ದೋಷ ಅದರದೇ ಆಗಿರುವ ಸಂಭವ ಹೆಚ್ಚು. ಎಲ್ಲವೂ ವಿಫಲವಾದರೆ ಸ್ಲಾಟ್, ಮದರ್‌ಬೋರ್ಡ್ ಅಥವಾ ಪ್ರೊಸೆಸರ್‌ಗಳನ್ನು ಪರಿಶೀಲಿಸಬೇಕಾಗುತ್ತದೆ.