ಉದುರಲೊಲ್ಲದ ಎಲೆ

ಮಾಘ ಕಳೆದು ಫಾಲ್ಗುಣ ಬರುವ ಹೊತ್ತಿಗೆ ಜಯನಗರದ ಬೀದಿಗಳಲ್ಲಿ ಬೆಳಿಗ್ಗೆ ನಡೆದಿದ್ದೀರಾ? ಹಾಗಾದರೆ ಕಾಲಡಿಯ ತರಗೆಲೆಯ ಸದ್ದು ನಿಮಗೆ ಗೊತ್ತು. ಹಣ್ಣೆಲೆ ಉದುರಿದರೇ ಚಿಗುರಿಗೆ ಜಾಗ. ನಮ್ಮ ದೇಹದಲ್ಲೂ ಅಷ್ಟೆ. ಹಳತಾದ, ಕೆಟ್ಟ, ಬೇಡವಾದ ಜೀವಕೋಶಗಳು ಸದ್ದಿಲ್ಲದೆ ತಾವಾಗಿಯೇ ಸಾಯುತ್ತವೆ. 1972ರಲ್ಲಿ ಕೆರ್, ವಿಲ್ಲಿ ಮತ್ತು ಕರಿ ಎಂಬ ವಿಜ್ಞಾನಿಗಳು ಈ ಕ್ರಿಯೆಗೆ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಎಲೆ ಉದುರುವುದನ್ನು ಹೇಳುವ ಗ್ರೀಕ್ ಪದವಿದು.

ಉದುರಬೇಕಾದ ಎಲೆ ಉದುರದೇ ಹೋದರೆ? ಇದಕ್ಕೆ ಉತ್ತರ ಬಿಸಿಎಲ್-2 ಎಂಬ ಪ್ರೋಟೀನಿನ ಚರಿತ್ರೆಯಲ್ಲಿದೆ.

ಕ್ಯಾನ್ಸರ್ ಎಂದರೆ ಕೋಶಗಳು ಹದ್ದುಮೀರಿ ಹೆಚ್ಚುವುದು ಎಂಬುದೇ ಆಗಿನ ತಿಳಿವಳಿಕೆ. 1984ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಸುಜಿಮೊಟೊ, ಕ್ರೋಚೆ ಮತ್ತು ಸಂಗಡಿಗರು ದುಗ್ಧರಸ ಗ್ರಂಥಿಗಳ ಒಂದು ಬಗೆಯ ಕ್ಯಾನ್ಸರನ್ನು ಪರೀಕ್ಷಿಸುತ್ತಿದ್ದರು. ಅದರಲ್ಲಿ 18ನೆಯ ವರ್ಣತಂತುವಿನ ತುಂಡೊಂದು ಮುರಿದು 14ನೆಯದಕ್ಕೆ ಅಂಟಿಕೊಂಡಿರುತ್ತದೆ. ಆ ಮುರಿತದ ಬಳಿ ಸಿಕ್ಕ ಜೀನೇ ಬಿಸಿಎಲ್-2. ಹೊಸ ಜಾಗದಲ್ಲಿ ಅದು ಬಿಡುವಿಲ್ಲದೆ ಪ್ರೋಟೀನು ತಯಾರಿಸುತ್ತದೆ. 1988ರಲ್ಲಿ ಮೆಲ್ಬರ್ನಿನ ಡೇವಿಡ್ ವಾಕ್ಸ್, ಸುಝಾನ್ ಕೋರಿ ಮತ್ತು ಜೆರ್ರಿ ಆಡಮ್ಸ್ ಅಚ್ಚರಿಯ ಸಂಗತಿಯೊಂದನ್ನು ಕಂಡರು. ಈ ಪ್ರೋಟೀನು ಕೋಶವನ್ನು ಹೆಚ್ಚಿಸುವುದಿಲ್ಲ, ಸಾಯಲು ಬಿಡುವುದಿಲ್ಲ! ಕೋಶದ ಶಕ್ತಿಮನೆಯಾದ ಮೈಟೋಕಾಂಡ್ರಿಯದ ಬಾಗಿಲಲ್ಲಿ ಕಾವಲು ನಿಂತು, ಸಾವಿನ ಸೂಚನೆ ಹೊರಬೀಳದಂತೆ ತಡೆಯುತ್ತದೆಂದು ಮುಂದೆ ತಿಳಿಯಿತು.

ಆದರೆ ವರ್ಣತಂತು ಅಲ್ಲೇ ಏಕೆ ಮುರಿಯಬೇಕು? ಈ ಪ್ರಶ್ನೆಯನ್ನು ಹಿಡಿದವರು ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಸತೀಶ್ ರಾಘವನ್. ಅಮೆರಿಕದಲ್ಲಿ ಮೈಕೆಲ್ ಲೀಬರ್ ಅವರೊಡನೆ 2004ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಅವರು ತೋರಿಸಿದ್ದು ಇದು: ಆ ಜಾಗದಲ್ಲಿ ಡಿಎನ್‌ಎ ತನ್ನ ಎಂದಿನ ಜೋಡಿ ಸುರುಳಿಯನ್ನು ಬಿಟ್ಟು ಬೇರೆ ಆಕಾರ ತಾಳುತ್ತದೆ. ಪ್ರತಿಕಾಯಗಳ ಜೀನನ್ನು ಕತ್ತರಿಸಿ ಜೋಡಿಸಬೇಕಾದ ಕಿಣ್ವ, ಗುರಿ ತಪ್ಪಿ, ಅಲ್ಲಿ ಕತ್ತರಿ ಹಾಕುತ್ತದೆ. ಇದೇ ಮುರಿತ ಆರೋಗ್ಯವಂತ ಭಾರತೀಯರ ರಕ್ತದಲ್ಲೂ ಕಾಣಸಿಗುತ್ತದೆಂದು ಅವರ ಪ್ರಯೋಗಾಲಯ 2010ರಲ್ಲಿ ತಿಳಿಸಿತು. ಎಂದರೆ ಮುರಿತವೊಂದೇ ರೋಗವಲ್ಲ. ರೋಗವಾಗಲು ಮತ್ತಷ್ಟು ಕೆಡುಕು ಸೇರಬೇಕು. ಬಿಸಿಎಲ್-2ರ ಕಾವಲನ್ನು ತಡೆಯುವ ‘ಡಿಸಾರಿಬ್’ ಎಂಬ ಅಣುವನ್ನೂ ಈ ಪ್ರಯೋಗಾಲಯ 2016ರಲ್ಲಿ ವರದಿ ಮಾಡಿತು. ಅದು ಸಂಶೋಧನೆಯ ಅಣು, ಔಷಧವಲ್ಲ. ಅದೇ ವರ್ಷ ಅಮೆರಿಕದಲ್ಲಿ ಇದೇ ಗುರಿಯ ‘ವೆನೆಟೊಕ್ಲ್ಯಾಕ್ಸ್’ ಎಂಬ ಮಾತ್ರೆಗೆ, ಒಂದು ಬಗೆಯ ರಕ್ತ ಕ್ಯಾನ್ಸರಿನ ಚಿಕಿತ್ಸೆಗಾಗಿ, ಒಪ್ಪಿಗೆ ಸಿಕ್ಕಿತು.

ಲೆಕ್ಕ ಹಾಕಿ ನೋಡಿ: ಜೀನು ಸಿಕ್ಕಿದ್ದು 1984ರಲ್ಲಿ, ಮಾತ್ರೆ ಬಂದದ್ದು 2016ರಲ್ಲಿ. ನಡುವೆ 32 ವರ್ಷ. ಜಯನಗರಕ್ಕೆ ಹತ್ತಿರದಲ್ಲೇ ಇರುವ, 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಹಾದಿಯನ್ನು ಆ ವರ್ಷಗಳಲ್ಲಿ ಎಷ್ಟು ಮನೆಗಳವರು ತುಳಿದರೋ! ವಿಜ್ಞಾನ ನಿಧಾನವಾಗಿ ನಡೆಯುತ್ತದೆ, ರೋಗ ಕಾಯುವುದಿಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಮಾತು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ನೋವಿಲ್ಲದ ಗಂಟೊಂದು ವಾರಗಟ್ಟಲೆ ಕರಗದೆ ನಿಂತಿದ್ದರೆ, ನೋವಿಲ್ಲವಲ್ಲ ಎಂದು ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಬೇಕಾದ್ದು ಪರೀಕ್ಷೆ, ನಮ್ಮ ಧೈರ್ಯವಲ್ಲ.