ಬಳಚು: ಸಾಂದ್ರತೆಯೂ ಹವಾಮಾನವೂ

ಉತ್ತರ ಕನ್ನಡದಲ್ಲಿ ಬಳಚೆಂದೂ ತುಳುನಾಡಿನಲ್ಲಿ ಮರುವಾಯಿಯೆಂದೂ ಹೆಸರಾದವು ಅಳಿವೆಗಳ ಮರಳಿನಲ್ಲಿ ಹುದುಗಿ ನೀರನ್ನು ಸೋಸಿ ಪ್ಲವಕಗಳನ್ನುಣ್ಣುವ ದ್ವಿಕವಾಟ ಮೃದ್ವಂಗಿಗಳು. ಇವುಗಳಲ್ಲಿ ಪಾಫಿಯ ಮಲಬಾರಿಕ ಕಡಲಬಾಯಿಯ ಉಪ್ಪುನೀರನ್ನೂ ವಿಲ್ಲೊರಿಟ ಸಿಪ್ರಿನಾಯ್ಡಿಸ್ ಮೇಲುಹೊಳೆಯ ಸವುಳುನೀರನ್ನೂ ಆಶ್ರಯಿಸುತ್ತವೆ. ಮೆರೆಟ್ರಿಕ್ಸ್ ಕಾಸ್ಟ ಎರಡರ ನಡುವೆ ವಿಶಾಲ ವ್ಯಾಪ್ತಿಯಲ್ಲಿ ಬಾಳಬಲ್ಲುದು.

ಬಳಚಿನ ಹಾಸು ದಟ್ಟವಾದಷ್ಟೂ ಸಮೃದ್ಧಿಯೆಂಬುದು ಹೇಗೆ ಸರಿಯಲ್ಲವೋ, ಹಾಸು ವಿರಳವಾದರೆ ಉಳಿದವು ಬೇಗ ಬೆಳೆದು ನಷ್ಟವನ್ನು ತುಂಬುವುವೆಂಬುದೂ ಹಾಗೆಯೇ ಅರ್ಧಸತ್ಯ. ಒತ್ತೊತ್ತಾಗಿ ನೆಲೆಸಿದೆಡೆ ಪ್ರತಿಯೊಂದರ ಪಾಲಿನ ಆಹಾರ ಕುಗ್ಗಿ ಬೆಳವಣಿಗೆ ಕುಂಠಿತವಾಗುವುದು. ಆದರೆ ಗಂಡುಹೆಣ್ಣುಗಳು ರೇತಸ್ಸನ್ನೂ ಅಂಡಗಳನ್ನೂ ನೀರಿಗೇ ಬಿಡುವುದರಿಂದ, ಸಾಮೀಪ್ಯವಿಲ್ಲದಲ್ಲಿ ಅವು ಕೂಡುವ ಮುನ್ನವೇ ಸೆಳವಿಗೆ ಸಿಕ್ಕಿ ಚದರಿಹೋಗುವುವು. ಕೂಡಿದ ಅಂಡದಿಂದ ಹೊರಟ ಮರಿಯೂ ಹಲವು ದಿನ ಸೆಳವಿನ ವಶದಲ್ಲಿ ತೇಲಿದ ಬಳಿಕವೇ ತಳ ಹಿಡಿಯುವುದಾದ್ದರಿಂದ, ಇಳುವರಿಯ ಏರಿಳಿತವನ್ನೆಲ್ಲ ಅತಿಸಂಗ್ರಹದ ಲೆಕ್ಕಕ್ಕೆ ಹಾಕುವುದು ಆತುರದ ತೀರ್ಮಾನವಾದೀತು.

1951ರಿಂದ 2015ರವರೆಗೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸರಾಸರಿ ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಾಗಿದೆ. ಆದರೂ ನಮ್ಮ ಅಳಿವೆಗಳಲ್ಲಿ ಶಾಖಕ್ಕಿಂತ ಲವಣಾಂಶವೇ ಪ್ರಧಾನ ನಿಯಾಮಕವೆಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯ ನೆರೆಹೊಳೆಗಳೆರಡು ಸಾಕ್ಷಿಯಾಗಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಶರಾವತಿಯಲ್ಲಿ ವಿದ್ಯುದಾಗಾರಗಳು ಹೊರಬಿಡುವ ಸಿಹಿನೀರು ಬೇಸಗೆಯಲ್ಲಿಯೂ ಹರಿದುಬಂದು, ಹೊನ್ನಾವರದ ಅಳಿವೆ ಉಪ್ಪೇರಬೇಕಾದ ತಿಂಗಳುಗಳಲ್ಲಿಯೂ ಸಪ್ಪೆಯಾಗಿಯೇ ಉಳಿಯುತ್ತದೆ. ಅಲ್ಲಿ ಖಾದ್ಯ ಚಿಪ್ಪುಜೀವಿಗಳ ವೈವಿಧ್ಯ ಅತ್ಯಲ್ಪ. ಅಣೆಕಟ್ಟಿನ ತಡೆಯಿಲ್ಲದೆ ಕುಮಟೆಯ ಬಳಿ ಕಡಲು ಸೇರುವ ಅಘನಾಶಿನಿಯಲ್ಲಾದರೋ ಮಳೆಗಾಲದ ಸಿಹಿ, ಬೇಸಗೆಯ ಉಪ್ಪು ಎಂಬ ಪ್ರಾಚೀನ ಆವರ್ತನೆ ಇನ್ನೂ ಉಳಿದಿದ್ದು, ಬಳಚಿನ ಸಂಪತ್ತು ಜಿಲ್ಲೆಯಲ್ಲೇ ಹಿರಿದು. ಹವಾಮಾನ ಬದಲಾವಣೆಯ ಪರಿಣಾಮವನ್ನೂ ಮೊದಲು ಮಳೆಯ ಲೆಕ್ಕದಲ್ಲಿಯೇ ಅರಸಬೇಕೆಂದು ಇದರಿಂದ ತೋರುತ್ತದೆ. ನೆರೆ ಬಂದಾಗ ಬಳಚು ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು, ಆಮ್ಲಜನಕವಿಲ್ಲದೆಯೇ ಕೆಲಕಾಲ ಜೀವ ಹಿಡಿದಿರುವುದು. ನೀರು ಬೆಚ್ಚಗಿದ್ದಷ್ಟೂ ದೇಹದ ವ್ಯಯ ಹೆಚ್ಚಿ ಈ ತಾಳಿಕೆಯ ಅವಧಿ ಕಿರಿದಾಗುವುದರಿಂದ, ತಾಪವೂ ಅತಿವೃಷ್ಟಿಯೂ ಕೂಡಿಬಂದಲ್ಲಿ ಹಾನಿ ಇಮ್ಮಡಿಸಬಹುದು. ಔದ್ಯಮಿಕ ಯುಗದ ಆರಂಭದಿಂದ ಸಾಗರದ ಪಿಎಚ್ ಮೌಲ್ಯ ಸುಮಾರು 0.1ರಷ್ಟು ಇಳಿದಿರುವುದು ನಿಜವೇ ಆದರೂ, ಹೊಳೆನೀರಿನಲ್ಲಿ ಸುಣ್ಣಾಂಶವೇ ವಿರಳವಾದ ಅಳಿವೆಯಲ್ಲಿ ಚಿಪ್ಪು ತೆಳುವಾದರೆ ಅದು ಪಿಎಚ್ ಇಳಿಕೆಯಿಂದಲೋ ಸುಣ್ಣಾಂಶದ ಕೊರತೆಯಿಂದಲೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಇಳಿತದ ಹೊತ್ತಿನಲ್ಲಿ ಬಳಚು ಹೆಕ್ಕುವುದು ಈ ತೀರದ ಅನೇಕ ಕುಟುಂಬಗಳ, ವಿಶೇಷವಾಗಿ ಹೆಂಗಸರ, ಜೀವನೋಪಾಯ. ಮಾಂಸಕ್ಕಾಗಿ ಹೆಕ್ಕುವುದಲ್ಲದೆ, ತಳದಲ್ಲಿ ಹುಗಿದ ಹಳೆಯ ಚಿಪ್ಪನ್ನು ಸುಣ್ಣಕ್ಕಾಗಿ ಅಗೆದು ತೆಗೆಯುವುದೂ ಉಂಟು. ಮೊದಲನೆಯದು ಜೀವಿಗಳ ಸಂಖ್ಯೆಯನ್ನಷ್ಟೇ ತಗ್ಗಿಸಿದರೆ ಎರಡನೆಯದು ಮರಿಗಳು ನೆಲೆಸುವ ನೆಲವನ್ನೇ ಕದಡುವುದು. ಕೇರಳದ ಅಷ್ಟಮುಡಿ ಸರೋವರದಲ್ಲಿ ಸಂತಾನೋತ್ಪತ್ತಿಯ ಕಾಲವಾದ ಡಿಸೆಂಬರಿನಿಂದ ಫೆಬ್ರವರಿವರೆಗೆ ಸಂಗ್ರಹವನ್ನು ನಿಲ್ಲಿಸುವ ಕ್ರಮವಿದೆ. ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಪ್ರದೇಶ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.